ಶಾಲು ಹೊದಿಸಿ ಕಳಿಸಿದ ಮನುಷ್ಯ

ಯಾರಾದರೂ “ಮಕ್ಕಳ ಸೇವಾ ಮಾಡಬೇಕಂತ ಬಂದೇನ್ರಿ” ಎಂದು ಕೈಮುಗಿದು ನಿಂತರೆ ನಮ್ಮ ಕಚೇರಿಯಲ್ಲಿ ಉಳಿದವರು ಚಹಾ ತರಿಸುತ್ತಾರೆ, ನಾನು ಸಂಶಯಪಡುತ್ತೇನೆ. ಕೆಟ್ಟ ಬುದ್ಧಿ ಎನ್ನಿ ಬೇಕಾದರೆ. ಆ ಕೆಟ್ಟ ಬುದ್ಧಿ ನೋಡಿಯೇ ಈ ಕೆಲಸ ನನಗೆ ಕೊಟ್ಟಿದ್ದು.

ನಮ್ಮದು ಕಿವಿ ಕೇಳದ ಮಕ್ಕಳ ವಸತಿ ಶಾಲೆ. ಕಚೇರಿ ಬಾಗಲಕೋಟೆಯ ನವನಗರದಲ್ಲಿ, ಶಾಲೆ ಬಾದಾಮಿಯಲ್ಲಿ, ಬನಶಂಕರಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಪಾಠಕ್ಕೆ ಸಂಬಳದ ಶಿಕ್ಷಕರಿದ್ದಾರೆ. ಚಿತ್ರಕಲೆ, ಆಟ, ಹೊಲಿಗೆ ಇಂಥವಕ್ಕೆಲ್ಲ ಊರ ಜನ ಸ್ವಯಂಸೇವಕರಾಗಿ ಬರಬೇಕು. ಹಾಗೆ ಬಂದವರು ಮಕ್ಕಳ ಎದುರು ನಿಲ್ಲುವ ಮೊದಲು ಅವರು ಯಾರು, ಹಿಂದೆ ಎಲ್ಲಿದ್ದರು, ಅಲ್ಲಿಂದ ಯಾಕೆ ಬಿಟ್ಟರು ಎಂದು ನೋಡುವುದು ನನ್ನ ಪಾಲಿನ ಕೆಲಸ. ಅರ್ಜಿ, ಗುರುತಿನ ಚೀಟಿ, ಪೊಲೀಸ್ ಪರಿಶೀಲನಾ ಪ್ರಮಾಣಪತ್ರ, ಸಂಬಂಧಿಕರಲ್ಲದ ಇಬ್ಬರ ಅಭಿಪ್ರಾಯ, ಮನೆಗೆ ಭೇಟಿ, ಹಿಂದೆ ಕೆಲಸ ಮಾಡಿದ ಜಾಗಕ್ಕೆ ಭೇಟಿ. ಇಷ್ಟೆಲ್ಲ ಮುಗಿದ ಮೇಲೂ ಒಬ್ಬರೇ ಮಕ್ಕಳ ಜೊತೆ ಇರುವಂತಿಲ್ಲ, ಖೋಲಿಯ ಬಾಗಿಲು ತೆರೆದೇ ಇರಬೇಕು. ನಿಯಮ ಬರೆದವಳೂ ನಾನೇ, ಅದಕ್ಕೆ ಬೈಸಿಕೊಂಡವಳೂ ನಾನೇ. “ಕನ್ಯಾ ನೋಡಾಕ ಹೋದ್ರೂ ಇಷ್ಟು ಕೇಳಾಂಗಿಲ್ಲ ಬಿಡ್ರಿ” ಎಂದು ಯೋಗ ಕಲಿಸಲು ಬಂದಿದ್ದ ಒಬ್ಬರು ಅರ್ಜಿ ಹರಿದುಹಾಕಿ ಹೋಗಿದ್ದರು. ಶಾಲೆಯಲ್ಲಿ ನನ್ನ ಬೆನ್ನ ಹಿಂದೆ “ಸಿಐಡಿ ಅಕ್ಕಾರು ಬಂದ್ರು” ಅನ್ನುತ್ತಾರೆಂದು ನನಗೆ ಗೊತ್ತು.

ನಾನು ಹೇಳಹೊರಟ ಮನುಷ್ಯ ಈ ಯಾವ ದಾರಿಯಿಂದಲೂ ಬರಲಿಲ್ಲ. ಆತ ಅತಿಥಿಯಾಗಿ ಬಂದ.

ಸ್ವಾತಂತ್ರ್ಯ ದಿನದ ಕಾರ್ಯಕ್ರಮಕ್ಕೆ ನಮ್ಮ ಅಧ್ಯಕ್ಷರು ಆತನನ್ನು ತಮ್ಮ ಕಾರಿನಲ್ಲೇ ಕರೆದುಕೊಂಡು ಬಂದಿದ್ದರು. ಅಧ್ಯಕ್ಷರು ದೊಡ್ಡ ಬಟ್ಟೆ ವ್ಯಾಪಾರಸ್ಥರು, ಈತ ಅವರ ಪರಿಚಯದ ಇಳಕಲ್ಲಿನ ಮನೆತನದವ. ವಯಸ್ಸು ನಲವತ್ತರ ಮೇಲೆ, ಮದುವೆಯಾಗಿಲ್ಲ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆಲುದನಿ. ಭಾಷಣ ಮಾಡಿರೆಂದರೆ ಭಾಷಣ ಮಾಡದೆ ಸುಣ್ಣದ ಕಡ್ಡಿ ತೆಗೆದುಕೊಂಡು ಹಲಗೆಯ ತುಂಬ ಒಂದು ನವಿಲು ಬರೆದ. ಮಕ್ಕಳು ಹುಚ್ಚೆದ್ದು ಕುಣಿದರು. ಸನ್ನೆ ಭಾಷೆಯೂ ಆತನಿಗೆ ಅಷ್ಟಿಷ್ಟು ಬರುತ್ತಿತ್ತು. ಮುಂದಿನ ವಾರದಿಂದ ಆತ ಡ್ರಾಯಿಂಗ್ ಸರ್ ಆಗಿಬಿಟ್ಟ.

ನನಗೆ ಸುದ್ದಿ ಸಿಕ್ಕಾಗ ಮೈ ಉರಿಯಿತು. ಅಧ್ಯಕ್ಷರ ಅಂಗಡಿಗೇ ಹೋಗಿ ಕೇಳಿದೆ. “ಸಾವ್ಕಾರ್ರ, ಅರ್ಜಿ ಇಲ್ಲ, ಪೊಲೀಸ್ ಸರ್ಟಿಫಿಕೇಟ್ ಇಲ್ಲ, ಹ್ಯಾಂಗ ಒಳಗ ಬಿಟ್ರಿ?”

“ಅತಿಥಿಗೆ ಅರ್ಜಿ ಕೇಳ್ತಾರೇನ ತಂಗಿ? ಮನಿಗೆ ಬಂದವರನ್ನ ಹೊಸ್ತಿಲದಾಗ ನಿಂದ್ರಿಸಿ ನೀ ಯಾರು ಅಂತ ಕೇಳಿಧಂಗ ಆಗತೈತಿ.”

“ಅತಿಥಿ ಉಂಡು ಹೋಗ್ತಾರ್ರಿ. ಇವರು ವಾರಕ್ಕ ಎರಡು ದಿನ ಬರಾಕತ್ತಾರಲ್ಲ?”

“ಆತು ಮಾರಾಯ್ತಿ, ಈಗ ತೊಗೊ ನಿನ್ನ ಕಾಗದಾ. ಅದಕ್ಯಾಕ ಇಷ್ಟು ಬಾಯಿ ಮಾಡ್ತಿ.”

ಕಾಗದ ಕೊಟ್ಟೆ. ಆತ ಒಂದು ಚೂರೂ ಮುಖ ಸಿಂಡರಿಸದೆ ತುಂಬಿದ. ಅಷ್ಟೇ ಅಲ್ಲ, ಪೆನ್ನು ಮುಚ್ಚುತ್ತ ಹೇಳಿದ, “ನೀವು ಮಾಡೂದು ಖರೇನ ಭಾಳ ಅವಶ್ಯ ಐತ್ರಿ ಅಕ್ಕಾರ. ಮಕ್ಕಳ ವಿಷಯದಾಗ ಹಿಂಗ ಬಿಗಿ ಇರಬೇಕು.” ಈ ಕೆಲಸಕ್ಕೆ ಬಂದಾಗಿನಿಂದ ನನ್ನನ್ನು ಹೊಗಳಿದ ಮೊದಲ ಮನುಷ್ಯ ಆತ. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು.

ಪೊಲೀಸ್ ಪ್ರಮಾಣಪತ್ರ ಬರಲು ಕೆಲವು ವಾರ ಹಿಡಿಯಿತು, ಅಷ್ಟು ದಿನವೂ ಅಧ್ಯಕ್ಷರ ಮಾತಿನ ಮೇಲೆ ಆತ ಬರುತ್ತಲೇ ಇದ್ದ. ಬಂತು, ಸ್ವಚ್ಛವಾಗಿತ್ತು. ಆ ಕಾಗದದ ಬಗ್ಗೆ ಜನಕ್ಕೆ ಇರುವ ನಂಬಿಕೆ ನೋಡಿದರೆ ನನಗೆ ಅಳು ಬರುತ್ತದೆ. ಈತನ ಮೇಲೆ ಪ್ರಕರಣ ದಾಖಲಾಗಿಲ್ಲ ಎಂಬುದಷ್ಟೇ ಅದು ಹೇಳುವ ಮಾತು, ಅದನ್ನು ಸರಿಯಾಗಿಯೇ ಹೇಳುತ್ತದೆ. ದೂರನ್ನೇ ಯಾರೂ ಕೊಡದಿದ್ದರೆ ಪ್ರಕರಣ ಎಲ್ಲಿಂದ ಬರಬೇಕು? ಆದರೆ ನಮ್ಮವರು ಅದನ್ನು ಓದುವುದೇ ಬೇರೆ ರೀತಿ. ಅಧ್ಯಕ್ಷರು ಅದನ್ನು ಕೈಯಲ್ಲಿ ಹಿಡಿದು, “ನೋಡ, ಸರಕಾರನ ಹೇಳೇತಿ ಚಲೋ ಮನಷ್ಯಾ ಅಂತ” ಎಂದರು. ಅಭಿಪ್ರಾಯ ಕೊಟ್ಟ ಇಬ್ಬರೂ, ಒಬ್ಬರು ವೈದ್ಯರು, ಒಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿ, ಫೋನಿನಲ್ಲಿ ಒಂದೇ ಮಾತು ಹೇಳಿದರು: ಚಲೋ ಮನಿತನರಿ. ಮನುಷ್ಯನನ್ನು ಕೇಳಿದರೆ ಮನೆತನದ ಬಗ್ಗೆ ಹೇಳುತ್ತಾರೆ, ಇದು ನಮ್ಮ ಕಡೆಯ ರೂಢಿ. ನಾನು ಎರಡೂ ಕಡೆ “ಅವರು ಮಕ್ಕಳ ಜೊತಿ ಇದ್ದದ್ದನ್ನ ನೀವು ಕಣ್ಣಾರೆ ನೋಡೀರೇನ್ರಿ?” ಎಂದು ಕೇಳಿದೆ. ಇಬ್ಬರೂ ನೋಡಿರಲಿಲ್ಲ.

ಆಮೇಲೆ ಇಳಕಲ್ಲಿಗೆ ಹೋದೆ. ಓಣಿಯಲ್ಲಿ ಮಗ್ಗಗಳ ಸದ್ದು, ಅದರ ನಡುವೆ ಎರಡಂತಸ್ತಿನ ದೊಡ್ಡ ಮನೆ. ಆತ ಇರಲಿಲ್ಲ, ಬೇಕೆಂದೇ ಇಲ್ಲದ ದಿನ ಹೋಗಿದ್ದೆ. ಆತನ ಅಣ್ಣನ ಹೆಂಡತಿ ಒಳಗೆ ಕೂರಿಸಿ, ಬೇಡವೆಂದರೂ ಕೇಳದೆ ತಾಟಿನ ತುಂಬ ಉಪ್ಪಿಟ್ಟು ಹಾಕಿಕೊಟ್ಟರು. ಪಡಸಾಲೆಯ ಗೋಡೆಗೆ ಸಾಲಾಗಿ ಫೋಟೊಗಳಿದ್ದವು. ಎಲ್ಲದರಲ್ಲೂ ಆತನೇ. ಹೆಗಲ ಮೇಲೆ ಶಾಲು, ಕೊರಳಲ್ಲಿ ಹಾರ, ಕೈಯಲ್ಲಿ ಹಣ್ಣಿನ ಬುಟ್ಟಿ, ಅಕ್ಕಪಕ್ಕ ಶಾಲೆಯ ಜನ.

“ನಮ್ಮ ಮೈದುನರು ಎಲ್ಲಿ ಹೋದ್ರೂ ಸನ್ಮಾನ ಮಾಡೇ ಕಳಸ್ತಾರ್ರಿ” ಎಂದರು ಆ ತಾಯಿ, ಹೆಮ್ಮೆಯಿಂದ. “ಇದು ಕೂಡಲಸಂಗಮದ ಕಡೀದು, ಇದು ಹುನಗುಂದದ ಕಡೀದು, ಇದು ಅದಕ್ಕೂ ಮೊದಲಿಂದು.”

ನಾನೂ ಮೆಚ್ಚಿಕೊಂಡೇ ಹೊರಬಿದ್ದೆ. ಇಷ್ಟು ಜನ ಇಷ್ಟು ಗೌರವಿಸಿದ್ದಾರೆಂದರೆ ಇನ್ನೇನು ಬೇಕು ಅಂದುಕೊಂಡೆ. ಬಸ್ ನಿಲ್ದಾಣದಲ್ಲಿ ಕೂತಾಗ ಮಾತ್ರ ಏನೋ ಕೊರೆಯತೊಡಗಿತು. ನಮ್ಮಲ್ಲಿ ಬೀಳ್ಕೊಡುಗೆ ಯಾರಿಗೆ ಕೊಡುತ್ತೇವೆ? ನಿವೃತ್ತರಾದವರಿಗೆ, ವರ್ಗವಾದವರಿಗೆ. ಸ್ವಯಂಸೇವಕರು ಹೋಗುವುದು ಹಾಗಲ್ಲ, ಅವರು ಒಂದು ದಿನ ಬರುವುದು ಬಿಡುತ್ತಾರೆ, ಅಷ್ಟೇ. ನಮ್ಮ ಮಕ್ಕಳಿಗೆ ಎಷ್ಟೋ ವರ್ಷ ಹೊಲಿಗೆ ಕಲಿಸಿದ ಒಬ್ಬ ಅಜ್ಜಿ ಮಂಡಿನೋವಿನಿಂದ ಬಿಟ್ಟಾಗ ನಾವು ಒಂದು ಬಾಳೆಹಣ್ಣೂ ಕೊಟ್ಟಿರಲಿಲ್ಲ. ಈತನಿಗೆ ಮಾತ್ರ ಹೋದಲ್ಲೆಲ್ಲ ಶಾಲು ಯಾಕೆ? ಅದೂ ವರ್ಷದ ನಡುವೆ. ಒಂದು ಫೋಟೊದಲ್ಲಿ ಹಿಂದೆ ಗಣಪತಿ ಮಂಟಪ ಇತ್ತು, ಇನ್ನೊಂದರಲ್ಲಿ ಮಕ್ಕಳು ಸ್ವೆಟರ್ ಹಾಕಿದ್ದರು. ಶಾಲೆ ಭರದಿಂದ ನಡೆದಿರುವಾಗ ಒಬ್ಬ ಒಳ್ಳೆಯ ಮಾಸ್ತರನನ್ನು ಹಾರ ಹಾಕಿ ಯಾರು ಕಳಿಸುತ್ತಾರೆ?

ಮರುದಿನವೇ ಹುನಗುಂದದ ಕಡೆಯ ಆ ಶಾಲೆಗೆ ಹೋದೆ. ಅದೂ ಖಾಸಗಿ ವಸತಿ ಶಾಲೆಯೇ. ಹೆಡ್ ಮಾಸ್ತರರು ನಿವೃತ್ತಿಗೆ ಹತ್ತಿರದ ಸಾಧು ಮನುಷ್ಯ. ಆತನ ಹೆಸರು ಹೇಳುತ್ತಲೇ, “ಭಾಳ ಚಲೋ ಕಲಾವಿದರಿ” ಎಂದರು.

“ಯಾಕ ಬಿಟ್ರು?”

“ಅವರ ಅನುಕೂಲ ಇರಲಿಲ್ಲರಿ.”

“ಮಕ್ಕಳ ಜೊತಿ ಹ್ಯಾಂಗಿದ್ರು?”

“ಚಲೋ ಚಿತ್ರಾ ತಗೀತಿದ್ರು.”

ಇಂಥವರಿಗೆ ನಾನು ಕೊನೆಗೆ ಕೇಳುವ ಪ್ರಶ್ನೆ ಒಂದಿದೆ. ಅದಕ್ಕೆ ಹೌದು ಅಥವಾ ಇಲ್ಲ ಎನ್ನಲೇಬೇಕು. “ನಾಳೆ ಅವರು ತಿರುಗಿ ಬರ್ತೇನಿ ಅಂದ್ರ ನೀವು ತೊಗೋತೀರೇನ್ರಿ?”

ಅವರು ಕಿಟಕಿಯ ಕಡೆ ನೋಡಿದರು. ಮೇಜಿನ ಮೇಲಿನ ಪೇಪರ್‌ವೇಟ್ ಸರಿಸಿದರು. “ಚಾ ಕುಡೀರಿ ಅಕ್ಕಾರ” ಎಂದರು. ಚಹಾ ಕುಡಿದೆ. ಮತ್ತೆ ಅದನ್ನೇ ಕೇಳಿದೆ. “ಬರ್ರಿ, ಬಸ್‌ಸ್ಟ್ಯಾಂಡಿನ ತನಕಾ ಬರ್ತೇನಿ” ಎಂದು ಚಪ್ಪಲಿ ಮೆಟ್ಟಿದರು.

ಹೊರಗೆ ರಸ್ತೆಯ ಬೇವಿನ ಮರದ ನೆರಳಿನಲ್ಲಿ ನಿಂತು, ನನ್ನ ಮುಖ ನೋಡದೆಯೇ ಹೇಳಿದರು. “ಒಂದು ಹುಡಿಗಿ ಊಟಾ ಬಿಟ್ಟಿತ್ರಿ. ಡ್ರಾಯಿಂಗ್ ಇದ್ದ ದಿವಸ ಹೊಟ್ಟಿನೋವು ಅಂತ ಮಲಗತಿತ್ತು. ಅವರವ್ವ ಬಂದ್ಲು, ಅತ್ಲು, ದೂರು ಗೀರು ಬ್ಯಾಡರಿ, ಹುಡಿಗಿ ಹೆಸರು ಕೆಡತೈತಿ ಅಂದ್ಲು. ಕಮಿಟ್ಯಾಗ ಕುಂತು ಮಾತಾಡಿದಿವಿ. ಗದ್ದಲಾ ಬ್ಯಾಡ, ಮರ್ಯಾದಿಲೆ ಕಳಸೂಣು ಅಂದ್ರು ಎಲ್ಲಾರೂ.”

“ಶಾಲು ಹೊದಿಸಿದ್ರಿ.”

“ಹೊದಿಸಿದಿವಿ.”

“ಕಾನೂನ ಪ್ರಕಾರ ಪೊಲೀಸರಿಗೆ ತಿಳಸಬೇಕಿತ್ತಲ್ರಿ ಸರ? ಪೋಕ್ಸೊ ಅಂತ ಕಾಯ್ದೆ ಐತಿ, ಗೊತ್ತಿದ್ದೂ ಹೇಳಲಿಲ್ಲಂದ್ರ ಅದೂ ತಪ್ಪ.”

“ಗೊತ್ತೈತ್ರಿ” ಎಂದರು. “ನಾ ಏನೂ ಹೇಳಿಲ್ಲ. ನೀವು ಬರಕೊಂಡ್ರ ನಾ ಇಲ್ಲ ಅಂತೇನಿ. ಆದ್ರ ನಿಮ್ಮ ಹುಡುಗ್ರನ್ನ ನೋಡಕೋರಿ ಅಕ್ಕಾರ. ನಿಮ್ಮವಕ್ಕ ಬಾಯಿನೂ ಇಲ್ಲ.”

ನಮ್ಮ ಮಕ್ಕಳಿಗೆ ಬಾಯಿ ಇಲ್ಲ ಎಂಬ ಮಾತು ನನಗೆ ಸೇರುವುದಿಲ್ಲ. ಅವರಿಗೆ ಕೈಗಳಿವೆ, ನೋಡುವವರು ಬೇಕು. ಆದರೆ ಆಗ ಜಗಳಕ್ಕೆ ಹೊತ್ತಿರಲಿಲ್ಲ. ಅಂದು ಡ್ರಾಯಿಂಗ್ ತರಗತಿಯ ದಿನ. ಅಮೀನಗಡದಲ್ಲಿ ಬಸ್ಸಿಗೆ ಕಾಯುತ್ತ ಮಕ್ಕಳಿಗೆಂದು ಕರದಂಟು ಕೊಂಡೆ, ಗುಳೇದಗುಡ್ಡದ ಮೇಲೆ ಹಾಯ್ದು ಬಾದಾಮಿ ಮುಟ್ಟಿದೆ. ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ನಮ್ಮ ಶಾಲೆಯ ಒಬ್ಬಳೇ ಹುಡುಗಿ.

ಕಿವಿ ಕೇಳದ ಮಕ್ಕಳು ಯಾರನ್ನೂ ಹೆಸರಿನಿಂದ ಕರೆಯುವುದಿಲ್ಲ. ಹೊಸಬರನ್ನು ಕೆಲವು ದಿನ ನೋಡಿ ತಾವೇ ಒಂದು ಸನ್ನೆ ಇಡುತ್ತಾರೆ. ನನಗೆ ಇಟ್ಟದ್ದು ಕನ್ನಡಕ ಮೂಗಿನ ತುದಿಗೆ ಜಾರಿಸಿ ನೋಡುವ ಸನ್ನೆ. ಈ ಹುಡುಗಿಯ ಸನ್ನೆ ಕೆನ್ನೆಗೆ ಒತ್ತಿದ ಬೆರಳು, ನಕ್ಕರೆ ಅವಳ ಕೆನ್ನೆಯಲ್ಲಿ ಗುಳಿ ಬೀಳುತ್ತದೆ. ಗುಡೂರಿನವಳು, ಅಪ್ಪ ಟಂಟಂ ಆಟೊ ಓಡಿಸುತ್ತಾನೆ. ನಮ್ಮಲ್ಲಿಗೆ ಬಂದಾಗ ದೊಡ್ಡ ಹುಡುಗಿಯೇ ಆಗಿದ್ದಳು, ಆದರೆ ಅವಳಿಗೆ ಯಾವ ಭಾಷೆಯೂ ಇರಲಿಲ್ಲ. ಮನೆಯಲ್ಲಿ ರಟ್ಟೆ ಹಿಡಿದು ಎಳೆದರೆ ಬಾ, ನೂಕಿದರೆ ಹೋಗು, ಅಷ್ಟೇ. ನಮ್ಮಲ್ಲಿ ಬಂದ ಮೇಲೆ ಅವಳ ಕೈಗಳು ಬಿಚ್ಚಿಕೊಂಡವು. ನಾನು ಹೋದರೆ ಸಾಕು, ಮಂಗ ಯಾವ ಕಿಟಕಿಯಿಂದ ಬಂತು, ಯಾರ ಚಪಾತಿ ಒಯ್ದಿತು, ಅಡುಗೆಯವರು ಹೇಗೆ ಓಡಿದರು ಎಂದು ಉಸಿರು ಬಿಡದೆ ಹೇಳುತ್ತಿದ್ದಳು. ಅವಳು ಹೇಳುವುದನ್ನು ನೋಡಲೆಂದೇ ನಾನು ಒಂದು ಬಸ್ ತಪ್ಪಿಸಿಕೊಂಡದ್ದುಂಟು.

ಅಂದು ಅವಳು ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದಳು. ಉಳಿದ ಮಕ್ಕಳು ಡ್ರಾಯಿಂಗ್ ಖೋಲಿಯಲ್ಲಿದ್ದರು. ನೀನು ಯಾಕೆ ಹೋಗಿಲ್ಲ ಎಂದು ಸನ್ನೆಯಲ್ಲಿ ಕೇಳಿದೆ. ಅವಳು ಬಲಗೈ ಎದೆಯ ಮಟ್ಟಕ್ಕೆ ಎತ್ತಿ, ಏನನ್ನೋ ಹಿಡಿದು ಅಡ್ಡ ಸರಿಸಿ ಕೆಳಗೆ ಇಳಿಸಿದಳು. ಆಮೇಲೆ ಬೇಡ ಎಂದು ಕೈ ಆಡಿಸಿದಳು. ನನಗೆ ತಿಳಿಯಲಿಲ್ಲ. ಹತ್ತಿರವೇ ನಿಂತಿದ್ದ ವಾರ್ಡನ್ ಅನ್ನು ಕೇಳಿದೆ. ಆಕೆ ಮಕ್ಕಳ ಜೊತೆಗೇ ಇರುವ ಹೆಣ್ಣುಮಗಳು.

“ಅದು ಡ್ರಾಯಿಂಗ್ ಸರ್ ಹೆಸರ್ರಿ” ಎಂದಳು.

“ಅಂಗೈ ಮ್ಯಾಲೆ ಬ್ರಷ್ ಎಳಿಯೂದು ಇತ್ತಲ್ಲ ಅವರ ಹೆಸರು?”

“ಮೊದಲ ಅದ ಇತ್ರಿ. ಈಗೀಗ ದೊಡ್ಡ ಹುಡಿಗ್ಯಾರು ಹಿಂಗ ಮಾಡ್ತಾವು. ಯಾಕೋ ಏನೋ ಗೊತ್ತಿಲ್ಲ.”

ನಾನು ಆ ಸನ್ನೆಯನ್ನು ನನ್ನ ಕೈಯಿಂದಲೇ ಮಾಡಿ ನೋಡಿದೆ. ಹಿಡಿ, ಅಡ್ಡ ಸರಿಸು, ಕೆಳಗೆ ಇಳಿಸು. ಚಿಲಕ. ಖೋಲಿಯ ಕಡೆ ಹೋದೆ, ಬಾಗಿಲು ಒಳಗಿನಿಂದ ಹಾಕಿತ್ತು. ಬಡಿದೆ. ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಬಾಗಿಲು ಬಡಿದರೆ ಒಬ್ಬನಿಗೆ ಮಾತ್ರ ಕೇಳುತ್ತದೆ. ಆತ ತೆರೆದ, ನಕ್ಕ. “ಮಂಗ್ಯಾನ ಕಾಟರಿ ಅಕ್ಕಾರ, ಬಣ್ಣದ ಬಾಟ್ಲಿ ಒಯ್ತಾವು” ಎಂದ. ಒಳಗೆ ಮಕ್ಕಳೆಲ್ಲ ಚಿತ್ರ ಬರೆಯುತ್ತಿದ್ದರು. ಕಣ್ಣಿಗೆ ಕಾಣುವಂಥ ತಪ್ಪು ಒಂದೂ ಇರಲಿಲ್ಲ.

ತಪ್ಪು ಕಣ್ಣಿಗೆ ಕಂಡ ಮೇಲೆ ಪರಿಶೀಲನೆ ಯಾಕೆ ಬೇಕು? ಅದು ಕಾಣುವ ಮೊದಲು ತಡೆಯಲೆಂದೇ ಅಲ್ಲವೇ ನಾನು ಇರುವುದು? ಅಲ್ಲೇ ನಿರ್ಧಾರ ಮಾಡಿದೆ. ಕೈಯಲ್ಲಿ ಏನೂ ಇರಲಿಲ್ಲ. ಇಲ್ಲ ಅನ್ನುತ್ತೇನೆಂದ ಹೆಡ್ ಮಾಸ್ತರರು ಮತ್ತು ಮಗುವಿನ ಒಂದು ಸನ್ನೆ, ಅಷ್ಟೇ. “ಪರಿಶೀಲನಾ ಮುಗಿದಿಲ್ಲರಿ ಸರ, ಮುಗಿಯೂತನಕಾ ನೀವು ಬರೂದು ಬ್ಯಾಡ” ಎಂದೆ. ಆತ ಬಣ್ಣಗಳನ್ನು ನಿಧಾನಕ್ಕೆ ಚೀಲಕ್ಕೆ ಹಾಕಿಕೊಂಡ. “ನಿಮ್ಮ ಕರ್ತವ್ಯ ನೀವು ಮಾಡ್ರಿ” ಎಂದು ಕೈಮುಗಿದ. ಆತ ಗೇಟು ದಾಟಿದ ಮೇಲೆ ಅಡುಗೆಮನೆಯ ಸುತ್ತಿಗೆ ತರಿಸಿ ಆ ಬಾಗಿಲಿನ ಚಿಲಕ ಕಿತ್ತು ಹಾಕಿದೆ. ಆ ಹುಡುಗಿ ಪಕ್ಕದಲ್ಲಿ ನಿಂತು ನೋಡಿದಳು, ಕಿತ್ತ ಚಿಲಕವನ್ನು ಎತ್ತಿ ನನ್ನ ಚೀಲಕ್ಕೆ ಹಾಕಿದಳು. ಅಂದೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿ ಗೊತ್ತಿದ್ದಷ್ಟನ್ನು ಹೇಳಿದೆ.

ಅಧ್ಯಕ್ಷರು ಸಿಟ್ಟಿನಿಂದ ಕುದಿಯುತ್ತಿದ್ದರು. “ಚಿಲಕಾ ಹಾಕಿದ್ರಂತ ಪೊಲೀಸರಿಗೆ ಹೇಳ್ತಿಯೇನ? ಬದಾಮ್ಯಾಗ ಮಂಗ್ಯಾನ ಸಲುವಾಗಿ ಯಾರು ಚಿಲಕಾ ಹಾಕಾಂಗಿಲ್ಲ ಹೇಳ! ನಾ ಹಾಕ್ತೇನಿ, ನೀ ಹಾಕ್ತಿ, ಎಲ್ಲಾರೂ ಹಾಕ್ತಾರ.”

“ಎಲ್ಲಾರೂ ಹಾಕ್ತಾರ್ರಿ ಸಾವ್ಕಾರ್ರ. ಹುಡುಗ್ರು ಎಲ್ಲಾರಿಗೂ ಆ ಹೆಸರು ಇಟ್ಟಿಲ್ಲ.”

ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು. ನಂಬಿದರೆಂದೇ ಈಗಲೂ ನನಗನಿಸುತ್ತದೆ. ನಂಬಿದ್ದಕ್ಕೇ ಅವರಿಗೆ ಅಷ್ಟು ಹೆದರಿಕೆಯಾಯಿತು.

ಮಕ್ಕಳ ರಕ್ಷಣಾ ಘಟಕದ ಅಧಿಕಾರಿಗಳು ಬಂದರು. ತಂಡದಲ್ಲಿದ್ದ ಮಹಿಳಾ ಅಧಿಕಾರಿ ಮಗುವಿನ ಮುಂದೆ ನೆಲದ ಮೇಲೇ ಕೂತು ಮಾತಾಡಿದವರು, ಅವರ ಬಗ್ಗೆ ನನ್ನಲ್ಲಿ ಒಂದು ಕೆಟ್ಟ ಮಾತೂ ಇಲ್ಲ. ಹುಬ್ಬಳ್ಳಿಯಿಂದ ಸನ್ನೆ ಭಾಷೆಯ ದುಭಾಷಿಯನ್ನೂ ಕರೆಸಿದ್ದರು. ಹುಡುಗಿ ಚಿಲಕದ ಸನ್ನೆ ಮಾಡಿದಳು. ಆಮೇಲೆ ಕಿಟಕಿಯ ಸನ್ನೆ. ಆಮೇಲೆ ತಾನು ಎಂದು ಎದೆ ಮುಟ್ಟಿಕೊಂಡಳು. ಅಷ್ಟರಲ್ಲಿ ಬಾಗಿಲ ಹೊರಗೆ ಅವಳ ಅಪ್ಪನ ನೆರಳು ಬಿತ್ತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತುಬಿಟ್ಟಳು. ಎಷ್ಟು ಕಾದರೂ ಆ ಕೈ ಹೊರಗೆ ಬರಲಿಲ್ಲ. ಆ ಖೋಲಿಯಲ್ಲಿ ಏನಾಯಿತು, ಏನಾಗುವುದರಲ್ಲಿತ್ತು ಎಂದು ನನಗೆ ಇಂದಿಗೂ ಗೊತ್ತಿಲ್ಲ.

ಅಪ್ಪ ಯಾವ ಹೇಳಿಕೆಗೂ ಒಪ್ಪಲಿಲ್ಲ. “ನಮ್ಮ ಹುಡಿಗಿಗೆ ಏನೂ ಆಗಿಲ್ಲರಿ. ಆಗಿಲ್ಲ ಅಂದ್ರ ಆಗಿಲ್ಲ” ಎಂದ. ಅಧಿಕಾರಿ ಎಷ್ಟೋ ತಿಳಿಸಿ ಹೇಳಿದರು. ಅವರು ಹೋದ ಮೇಲೆ ಆತ ಹುಡುಗಿಯ ಟ್ರಂಕು ಎತ್ತಿ ಟಂಟಂಗೆ ಹಾಕಿದ. ನಾನು ಅಡ್ಡ ನಿಂತೆ.

“ಅಣ್ಣಾ, ಸಾಲಿ ಬಿಡಿಸಬ್ಯಾಡ್ರಿ. ಇಲ್ಲಿ ಆಕಿಗೆ ಮಾತು ಬಂದಾವು. ಮನ್ಯಾಗ ಆಕಿ ಜೊತಿ ಯಾರು ಮಾತಾಡ್ತಾರ?”

“ಮಾತು ಕಲಿಸಿದ್ದಕ್ಕ ಇಷ್ಟು ರಾಡಿ ಆಗೇತ್ರಿ ಅಕ್ಕಾರ” ಎಂದ. ಕೆಟ್ಟವನಲ್ಲ ಆತ, ಕಣ್ಣು ತುಂಬಿಕೊಂಡಿದ್ದ. “ನಾಳೆ ಆಕಿನ್ನ ಯಾರ ಮನಿಗೆ ಕೊಡ್ಲಿ ನಾ? ದಾರಿ ಬಿಡ್ರಿ.”

ಹುಡುಗಿ ಟಂಟಂ ಹಿಂದಿನ ಸೀಟಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ಕನ್ನಡಕ ಜಾರಿಸುವ ನನ್ನ ಸನ್ನೆ ಮಾಡಿದಳು, ಆಮೇಲೆ ಎಲ್ಲಿಗೆ ಎಂದು ಕೇಳಿದಳು. ಮನೆಗೆ ಎಂದೆ. ಮತ್ತೆ ಯಾವಾಗ ಎಂದು ಕೇಳಿದಳು. ಟಂಟಂ ಬನಶಂಕರಿ ರಸ್ತೆಗೆ ತಿರುಗಿದ ಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತೆ. ಮಗುವನ್ನು ಉಳಿಸಲು ಹೋಗಿ ಅವಳ ಶಾಲೆಯನ್ನೇ ಕಳೆದೆ ಎಂಬ ಯೋಚನೆ ಅಂದು ತಲೆ ಹೊಕ್ಕದ್ದು ಇನ್ನೂ ಬಿಟ್ಟಿಲ್ಲ.

ಅಷ್ಟಾದ ಮೇಲಾದರೂ ಆತನ ಕಥೆ ಮುಗಿಯಿತು ಅಂದುಕೊಂಡಿದ್ದೆ. ಇಲ್ಲ. ವಿಚಾರಣೆಗೆ ಹೇಳಿಕೆ ಸಿಗಲಿಲ್ಲ, ಆತನ ಮನೆಯವರು ಮಾನನಷ್ಟದ ದಾವೆ ಹಾಕುತ್ತೇವೆಂದು ಅಧ್ಯಕ್ಷರ ಅಂಗಡಿಗೆ ಬಂದು ಕೂತರು. ಆಡಳಿತ ಮಂಡಳಿ ಸಭೆ ಸೇರಿತು. ನಾನು ಕೂಗಾಡಿದೆ, ಮೇಜು ಗುದ್ದಿದೆ. ಎಲ್ಲರೂ ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ಅಧ್ಯಕ್ಷರು ಮೆತ್ತಗೆ ಹೇಳಿದರು, “ತಂಗಿ, ನಿನ್ನ ಮಾತು ಖರೆ ಇರಬಹುದು. ಆತ ಹೋಗ್ಲಿ ಅಂತ ನಂದೂ ಐತಿ. ಆದ್ರ ಓಡಿಸಿದಿವಿ ಅಂದ್ರ ಯಾಕ ಓಡಿಸಿದ್ರಿ ಅಂತ ಊರು ಕೇಳತೈತಿ. ಉಳಿದ ಹುಡಿಗ್ಯಾರ ಅಪ್ಪಗೋಳೂ ಟ್ರಂಕ್ ಎತಗೊಂಡು ಹೊಂಟ್ರ ಸಾಲಿನ ಮುಚ್ಚಬೇಕು. ಮರ್ಯಾದಿಲೆ ಕಳಸಿಬಿಡೂಣು. ಅವರೂ ಅದನ್ನ ಕೇಳಾಕತ್ತಾರ.”

ಬೇವಿನ ಮರದ ಕೆಳಗೆ ಕೇಳಿದ ಅದೇ ಮಾತು. ನನ್ನ ವಿರೋಧವನ್ನು ಬರೆದುಕೊಳ್ಳಿ ಎಂದೆ. ಬರೆದುಕೊಂಡರು. ಬರೆದುಕೊಂಡು ಶಾಲು ತರಿಸಿದರು.

ಬೀಳ್ಕೊಡುಗೆಯ ದಿನ ನಾನು ಹೋಗಬಾರದೆಂದೇ ಇದ್ದೆ. ಆದರೆ ಬೆಳಿಗ್ಗೆ ವಾರ್ಡನ್ ಫೋನ್ ಮಾಡಿ, “ಅಕ್ಕಾರ, ಹೂವು ಕೊಡಾಕ ಹುಡಿಗ್ಯಾರನ್ನ ತಯಾರ ಮಾಡ್ರಿ ಅಂದಾರ” ಎಂದಳು. ಓಡಿದೆ. ಮಕ್ಕಳು ಆತನ ಹತ್ತಿರ ಹೋಗಬಾರದು, ಅದೊಂದನ್ನಾದರೂ ತಡೆಯಬೇಕು. ನಾನು ಮುಟ್ಟುವ ಹೊತ್ತಿಗೆ ವೇದಿಕೆಯ ಮೇಲೆ ಎಲ್ಲರೂ ನಿಂತಿದ್ದರು. ದೊಡ್ಡ ಹುಡುಗಿಯೊಬ್ಬಳು ಹೂವು, ಕುಂಕುಮ, ತೆಂಗಿನಕಾಯಿ ಇದ್ದ ತಾಟು ಹಿಡಿದು ಮೆಟ್ಟಿಲ ಹತ್ತಿರ ನಿಂತಿದ್ದಳು, ಮುಂದೆ ಹೆಜ್ಜೆ ಇಡುತ್ತಿರಲಿಲ್ಲ. ತಾಟನ್ನು ಅವಳ ಕೈಯಿಂದ ಕಸಿದುಕೊಂಡೆ, ಹಿಂದೆ ಹೋಗು ಎಂದು ಸನ್ನೆ ಮಾಡಿದೆ, ನಾನೇ ವೇದಿಕೆ ಹತ್ತಿದೆ. ಅಧ್ಯಕ್ಷರು ತಾಟಿನಿಂದ ಹಾರ ಎತ್ತಿಕೊಂಡರು. ಯಾರೋ ಫೋಟೊ ತೆಗೆದರು. ಆತ ನನ್ನ ಕಡೆ ತಿರುಗಿ ಕೈಮುಗಿದು, “ನಿಮ್ಮ ಆಶೀರ್ವಾದ ಇರಲಿ ಅಕ್ಕಾರ” ಎಂದ. ನಾನು ತಾಟು ಕೆಳಗಿಟ್ಟು ವೇದಿಕೆ ಇಳಿದೆ. ಒಂದು ಮಗುವೂ ಆತನ ಹತ್ತಿರ ಹೋಗಲಿಲ್ಲ, ಅಷ್ಟು ಗೆದ್ದೆ ಅಂದುಕೊಂಡು ಮನೆಗೆ ಬಂದೆ.

ಅಮೀನಗಡದಲ್ಲಿ ಕೊಂಡ ಕರದಂಟಿನ ಪೊಟ್ಟಣ ಎಷ್ಟೋ ದಿನದ ಮೇಲೆ ನನ್ನ ಚೀಲದ ತಳದಲ್ಲಿ ಸಿಕ್ಕಿತು, ಆ ಚಿಲಕದ ಜೊತೆಗೆ. ಗುಡೂರಿಗೆ ಎರಡು ಬಾರಿ ಹೋದೆ. ಮೊದಲ ಬಾರಿ ಹುಡುಗಿಯನ್ನು ಹೊರಗೆ ಕರೆಯಲಿಲ್ಲ. ಎರಡನೆಯ ಬಾರಿ ಅವಳು ಬಾಗಿಲಲ್ಲಿ ನಿಂತಿದ್ದಳು. ಕೆನ್ನೆಗೆ ಬೆರಳೊತ್ತಿ ಅವಳ ಸನ್ನೆ ಮಾಡಿದೆ. ನೋಡಿದಳು, ತಿರುಗಿ ಏನೂ ಮಾಡಲಿಲ್ಲ. ಅವಳ ಅವ್ವ ಒಳಗಿನಿಂದ ಬಂದು ರಟ್ಟೆ ಹಿಡಿದು ಎಳೆದಳು, ಅವಳು ಒಳಗೆ ಹೋದಳು.

ಆಮೇಲೆ ಕೆಲವು ತಿಂಗಳಿಗೆ ನವನಗರದ ಕಚೇರಿಗೆ ಒಬ್ಬ ಹೆಣ್ಣುಮಗಳು ಬಂದಳು. ಬೇರೆ ಜಿಲ್ಲೆಯಲ್ಲಿ ನಮ್ಮಂಥದ್ದೇ ಶಾಲೆ ನೋಡಿಕೊಳ್ಳುವವಳು, ನನಗಿಂತ ಚಿಕ್ಕವಳು. ನಾನು ಊರೂರು ಅಲೆಯುವಂತೆಯೇ ಅವಳೂ ಬಸ್ ಹತ್ತಿ ಬಂದಿದ್ದಳು. ಕುಳಿತವಳೇ ಫೋನ್ ತೆಗೆದು, “ಇವರ ಬಗ್ಗೆ ಕೇಳಾಕ ಬಂದಿದ್ನಿರಿ ಅಕ್ಕಾರ” ಎಂದು ಫೋಟೊ ತೋರಿಸಿದಳು. ಶಾಲು, ಹಾರ, ನಗುವ ಅಧ್ಯಕ್ಷರು. ಪಕ್ಕದಲ್ಲಿ ತಾಟು ಹಿಡಿದು ನಿಂತ ನಾನು. “ನೀವ ಅದೀರಲ್ರಿ ಇದರಾಗ! ನೋಡಿದ ಕೂಡ್ಲೆ ನಮ್ಮವರು ಇನ್ನೇನು ಕೇಳೂದು ಐತಿ ಅಂದ್ರು. ನನಗ ಮನಸಿಗೆ ಬರಲಿಲ್ಲ, ಒಂದ ಸಲ ಕಂಡ ಬರೂಣು ಅಂತ ಬಂದೆ.”

ಬಾಗಿಲು ಮುಚ್ಚಿ ಎಲ್ಲವನ್ನೂ ಹೇಳಿದೆ. ಏನನ್ನೂ ಬಚ್ಚಿಡಲಿಲ್ಲ, ಬಾಯಿ ಬಿಗಿಹಿಡಿಯಲಿಲ್ಲ, ಬರೆದುಕೊಂಡರೆ ಇಲ್ಲ ಅನ್ನುತ್ತೇನೆ ಎನ್ನಲಿಲ್ಲ. ಹುನಗುಂದದ ಶಾಲೆಯ ಮಾತು, ಚಿಲಕದ ಸನ್ನೆ, ಗುಡೂರಿನ ಹುಡುಗಿ, ನನ್ನ ಕೈಗೆ ತಾಟು ಯಾಕೆ ಬಂತು ಎಂಬುದು. ಬೇಕಾದರೆ ಈಗಲೇ ಬರೆದು ಸಹಿ ಹಾಕಿ ಕೊಡುತ್ತೇನೆ ಎಂದೆ.

“ನಿಮ್ಮಲ್ಲಿ ಬರಾಕತ್ತಾರೇನು?” ಎಂದು ಕೇಳಿದೆ.

“ಹೋದ ತಿಂಗಳ ಕಾರ್ಯಕ್ರಮಕ್ಕ ಅತಿಥಿ ಆಗಿ ಬಂದಿದ್ರು. ಆಮ್ಯಾಲೆ ಹಂಗ…”

“ನಿಮ್ಮ ಹುಡುಗ್ರು ಅವರಿಗೆ ಏನ ಹೆಸರ ಇಟ್ಟಾವು?”

ಅವಳು ಅಂಗೈಯ ಮೇಲೆ ಬೆರಳಿನಿಂದ ಬ್ರಷ್ ಎಳೆದು ತೋರಿಸಿದಳು. ನನಗೆ ಹೋದ ಜೀವ ಬಂದಂತಾಯಿತು. ಇನ್ನೂ ಬ್ರಷ್ಷೇ ಇದೆ, ಇನ್ನೂ ಹೊತ್ತಿದೆ. “ಇವತ್ತ ಹೋಗ್ರಿ. ಹೋದ ಕೂಡ್ಲೆ ಅವರನ್ನ ನಿಂದ್ರಸ್ರಿ, ಪೊಲೀಸರಿಗೆ ತಿಳಸ್ರಿ. ನಾನೂ ಬಂದು ಹೇಳ್ತೇನಿ” ಎಂದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ನಂಬಿದ್ದಳು. ಇಷ್ಟು ಜನರಲ್ಲಿ ನನ್ನನ್ನು ಪೂರ್ತಿ ನಂಬಿದವಳು ಅವಳೊಬ್ಬಳೇ.

“ನೀವು ಚಿಂತಿ ಮಾಡಬ್ಯಾಡ್ರಿ ಅಕ್ಕಾರ” ಎಂದಳು, ಕಣ್ಣೊರೆಸಿಕೊಂಡು ಚೀಲ ಹೆಗಲಿಗೇರಿಸುತ್ತ. “ಈ ವಾರದಾಗ ಅವರನ್ನ ಬಿಡಸ್ತೀವಿ. ಪೊಲೀಸರು ಗಿಲೀಸರು ಅಂತ ಗದ್ದಲಾ ಯಾಕರಿ, ನಿಮ್ಮ ಸಾಲಿ ಹೆಸರೂ ಬರಾಂಗಿಲ್ಲ. ಮರ್ಯಾದಿಲೆ ಕಳಸ್ತೀವ್ರಿ.”